ಕಪ್ಪಾದ ಬಾಳೆಹಣ್ಣಿನ ಸಿಹಿ ಚರಿತ್ರೆ

ಕುಂದಗೋಳ ತಾಲ್ಲೂಕಿನ ಕುಬಿಹಾಳದ ಸುತ್ತಲಿನದು ಎರೆಭೂಮಿ; ಹತ್ತಿ, ಮೆಣಸಿನಕಾಯಿಯ ಸೀಮೆ. ಪೂಜೆಗೆ ತಂದ ಬಾಳೆಹಣ್ಣು ಮಿಕ್ಕು ಕಪ್ಪಾದರೆ ಚೆಲ್ಲುವುದೇ? ಧಾರವಾಡ ಸೀಮೆ ಕೊಟ್ಟ ಉತ್ತರ ಶೀಕರಣಿ. ಹಣ್ಣು ಕಿವುಚಿ, ಹಾಲು, ಸಕ್ಕರೆ, ಏಲಕ್ಕಿ ಬೆರೆಸಿದರೆ ಚಪಾತಿಗೆ ಜೊತೆಯಾಯಿತು, ಒಲೆಯೇ ಬೇಡ.

ಕರಾವಳಿಯವರು ಅದೇ ಹಣ್ಣನ್ನು ಮೈದಾ, ಮೊಸರು, ಸೋಡಾದೊಂದಿಗೆ ನಾದಿ, ಎಣ್ಣೆಯಲ್ಲಿ ಕರಿದು ‘ಮಂಗಳೂರು ಬನ್ಸ್’ ಮಾಡಿದರು. ಅಮೆರಿಕದಲ್ಲಿ ಬಾಳೆಹಣ್ಣಿನ ಬ್ರೆಡ್ ಜನಪ್ರಿಯವಾದದ್ದು 1930ರ ದಶಕದಲ್ಲಿ. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಸೋಡಾ, ಬೇಕಿಂಗ್ ಪೌಡರ್ ಆಗಲೇ ಅಡುಗೆಮನೆ ಸೇರಿದ್ದವು.

ಇದರ ಗುಟ್ಟು ಹಣ್ಣಿನಲ್ಲೇ ಇದೆ. ಕಾಯಿಯಲ್ಲಿ ಸುಮಾರು ಶೇ. 20ರಷ್ಟಿರುವ ಪಿಷ್ಟ ಮಾಗುತ್ತ ಬಹುಪಾಲು ಸಕ್ಕರೆಯಾಗುತ್ತದೆ. ಬೂಸ್ಟು ಹಿಡಿದದ್ದನ್ನು ಬಿಡಬೇಕು, ನಿಜ. ಆದರೆ ಬರೀ ಸಿಪ್ಪೆ ಕಪ್ಪಾದದ್ದಕ್ಕೆ ಹಣ್ಣನ್ನು ತಿಪ್ಪೆಗೆ ಹಾಕಿದ್ದರೆ ಈ ಮೂರು ತಿನಿಸುಗಳೂ ಇರುತ್ತಿರಲಿಲ್ಲ.