ನೈನಿತಾಲ್: ಹಾಯಿದೋಣಿಯ ಪಂದ್ಯ ಮತ್ತು ಸರೋವರದ ಹಕ್ಕು

'ಡಿಂಗಿ' ಎಂಬ ಪದ ಇಂಗ್ಲಿಷರದ್ದೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ವಾಸ್ತವದಲ್ಲಿ ಅದು ನಮ್ಮ ದೇಶದ್ದೇ ಪದ. ಬಂಗಾಳದ ಹೊಳೆಗಳಲ್ಲಿ ಅಂಬಿಗರು ನಡೆಸುತ್ತಿದ್ದ ಪುಟ್ಟ ದೋಣಿಯ ಹೆಸರು ಅದು. ಹಡಗುಗಳ ಜೊತೆ ಈ ಪದ ಇಂಗ್ಲೆಂಡಿಗೆ ಹೋಯಿತು. ಹೊಟ್ಟೆಪಾಡಿನ ದೋಣಿಯ ಹೆಸರು ಅಲ್ಲಿ ವಿಹಾರದ ದೋಣಿಗೂ ಅಂಟಿಕೊಂಡಿತು. ಇಂದು ಜಗತ್ತಿನಾದ್ಯಂತ ಸಣ್ಣ ಹಾಯಿದೋಣಿಗಳ ಪಂದ್ಯವೆಂದರೆ ಡಿಂಗಿ ಪಂದ್ಯವೇ.

ಭಾರತದಲ್ಲಿ ಸಣ್ಣ ಹಾಯಿದೋಣಿಗಳ ಪಂದ್ಯಕ್ಕೆ ಬಹುಕಾಲದಿಂದ ಹೆಸರಾದ ಜಾಗಗಳಲ್ಲಿ ಒಂದು ಕಡಲ ತೀರದಲ್ಲಿಲ್ಲ, ಹಿಮಾಲಯದ ಮಡಿಲಲ್ಲಿದೆ. ಅದು ಕುಮಾಂವ್ ಬೆಟ್ಟಗಳ ನಡುವಿನ ನೈನಿತಾಲ್ ಸರೋವರ. ಸಮುದ್ರ ಮಟ್ಟದಿಂದ ಸುಮಾರು 1,938 ಮೀಟರ್ ಎತ್ತರ. ಉದ್ದ ಒಂದೂವರೆ ಕಿಲೋಮೀಟರಿಗೂ ಕಡಿಮೆ, ಅಗಲ ಅರ್ಧ ಕಿಲೋಮೀಟರಿನೊಳಗೆ. ಇಷ್ಟು ಚಿಕ್ಕ ನೀರಿನ ಮೇಲೆ ನಡೆಯುವ ಪಂದ್ಯದ ಹಿಂದೆ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಅದನ್ನು ಅರಿಯಬೇಕಾದರೆ ಈ ನೀರಿಗೆ ಬಂದ ಮೊದಲ ದೋಣಿಯ ಕಥೆಯನ್ನು ಕೇಳಬೇಕು.

ಮೊದಲ ದೋಣಿ

1841ರ ನವೆಂಬರಿನಲ್ಲಿ ಬ್ಯಾರನ್ ಎಂಬ ಇಂಗ್ಲಿಷ್ ವರ್ತಕ ಇಲ್ಲಿಗೆ ಬಂದ. ಶಹಜಹಾನ್‌ಪುರದಲ್ಲಿ ಸಕ್ಕರೆಯ ವ್ಯಾಪಾರ ಮಾಡುತ್ತಿದ್ದ ಆತನಿಗೆ ಬೆಟ್ಟ ಸುತ್ತುವ ಹವ್ಯಾಸವಿತ್ತು. ನೈನಿತಾಲನ್ನು 'ಕಂಡುಹಿಡಿದವನು' ಎಂದು ಈಗಲೂ ಅನೇಕ ಪುಸ್ತಕಗಳು ಆತನನ್ನು ಕರೆಯುತ್ತವೆ. ಆದರೆ ಸುತ್ತಲಿನ ಹಳ್ಳಿಗರಿಗೆ ಸರೋವರ ಹೊಸದೇನಾಗಿರಲಿಲ್ಲ. ಅದು ಅವರಿಗೆ ನೈನಾದೇವಿಯ ಪವಿತ್ರ ಸ್ಥಳ, ದನಕರುಗಳನ್ನು ಮೇಯಿಸುವ ಬಯಲು. ಆ ನೆಲದ ಮೇಲೆ ಹಕ್ಕು ಹೇಳುತ್ತಿದ್ದವನು ನರಸಿಂಗ್ ಎಂಬ ತೋಕ್‌ದಾರ, ಅಂದರೆ ಹಲವು ಹಳ್ಳಿಗಳ ಮುಖ್ಯಸ್ಥ.

ಮರುವರ್ಷ ಬ್ಯಾರನ್ ಒಂದು ದೋಣಿಯೊಂದಿಗೆ ಮರಳಿದ. ರೈಲು ಬೆಟ್ಟದ ಬುಡದ ಕಾಠ್‌ಗೋದಾಮ್‌ಗೆ ತಲುಪಿದ್ದೇ 1884ರಲ್ಲಿ. ಹಾಗಿರುವಾಗ 1842ರಲ್ಲಿ ಆ ದೋಣಿ ಕಾಡು-ಕಣಿವೆಗಳನ್ನು ದಾಟಿ ಮೇಲೇರಿದ್ದು ಕೂಲಿಗಳ ಹೆಗಲ ಮೇಲೆಯೇ. ಆ ಹೆಗಲುಗಳಿಗೆ ಯಾವ ದಾಖಲೆಯಲ್ಲೂ ಹೆಸರಿಲ್ಲ.

ಬ್ಯಾರನ್ ನರಸಿಂಗನನ್ನು ವಿಹಾರಕ್ಕೆಂದು ದೋಣಿ ಹತ್ತಿಸಿಕೊಂಡ. ಸರೋವರದ ನಡುವೆ ತಲುಪಿದಾಗ ಕಾಗದ ಮತ್ತು ಪೆನ್ಸಿಲು ಮುಂದಿಟ್ಟ. ಈ ಜಾಗದ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟೆನೆಂದು ಬರೆದುಕೊಡು, ಇಲ್ಲವಾದರೆ ನೀರಿಗೆ ಎಸೆಯುತ್ತೇನೆ ಎಂದ. ಕಾಲ ಕೆಳಗೆ ಆಳವಾದ ನೀರು, ಎದುರಿಗೆ ಬಿಳಿಯ ದೊರೆ. ನರಸಿಂಗ್ ಬರೆದುಕೊಟ್ಟ.

ಇದು ಬ್ರಿಟಿಷರ ವಿರೋಧಿಗಳು ಹೆಣೆದ ಕಥೆಯಲ್ಲ. 'ಪಿಲ್‌ಗ್ರಿಮ್', ಅಂದರೆ ಯಾತ್ರಿಕ, ಎಂಬ ಹೆಸರಿನಲ್ಲಿ ಬ್ಯಾರನ್ ತಾನೇ ಇದನ್ನು ಒಂದು ತಮಾಷೆಯ ಪ್ರಸಂಗವಾಗಿ ಬರೆದುಕೊಂಡಿದ್ದಾನೆ. ಗೆದ್ದವನಿಗೆ ಅದು ತಮಾಷೆ. ಸೋತ ನರಸಿಂಗ್ ಮುಂದೆ ತಿಂಗಳಿಗೆ ಐದು ರೂಪಾಯಿ ಸಂಬಳದ ಪಟ್ವಾರಿಯಾಗಿ ಅದೇ ನೆಲದ ಲೆಕ್ಕ ಬರೆಯುವವನಾದ. ಒಡೆತನ ಹೇಳಿದವನು ನೌಕರನಾದನು. ವಸಾಹತು ಎಂದರೇನೆಂದು ವಿವರಿಸಲು ಇದಕ್ಕಿಂತ ಹೆಚ್ಚಿನ ಉದಾಹರಣೆ ಬೇಕೇ?

ಕುಸಿದ ಬೆಟ್ಟ

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಬಂಗಲೆಗಳು, ಚರ್ಚುಗಳು, ಅಂಗಡಿಗಳು ಎದ್ದವು. 1862ರಲ್ಲಿ ನೈನಿತಾಲ್ ವಾಯವ್ಯ ಪ್ರಾಂತ್ಯದ ಸರಕಾರದ ಬೇಸಿಗೆ ರಾಜಧಾನಿಯಾಯಿತು. ಕಡಿದಾದ ಇಳಿಜಾರುಗಳನ್ನು ಕೊರೆದು ಕಟ್ಟಿದ ಊರು ಅದು. 1880ರ ಸೆಪ್ಟೆಂಬರ್ 18ರಂದು, ಬಿಡದೆ ಸುರಿದ ಮಳೆಗೆ ಬೆಟ್ಟದ ಒಂದು ಪಾರ್ಶ್ವವೇ ಕುಸಿದು ಕೆಳಗೆ ಬಂತು. 151 ಮಂದಿ ಸತ್ತರು. ಅವರಲ್ಲಿ 108 ಮಂದಿ ಭಾರತೀಯರು. ನೈನಾದೇವಿಯ ಗುಡಿಯೂ ಇಂಗ್ಲಿಷರ ಮನರಂಜನೆಯ ಭವನವೂ ಒಟ್ಟಿಗೇ ನೆಲಸಮವಾದವು. ಸರೋವರದ ಅಂಚಿಗೆ ಬಂದು ಬಿದ್ದ ಮಣ್ಣು-ಕಲ್ಲುಗಳಿಂದ ವಿಸ್ತಾರಗೊಂಡ ಬಯಲೇ ಇಂದಿನ 'ಫ್ಲ್ಯಾಟ್ಸ್'. ಗುಡಿಯನ್ನು ಮತ್ತೆ ಕಟ್ಟಲಾಯಿತು. ಇಂದು ಆ ಬಯಲಿನ ಸುತ್ತಮುತ್ತ ಗುಡಿ, ಗುರುದ್ವಾರ, ಜಾಮಿಯಾ ಮಸೀದಿಗಳಿವೆ. ಅದೇ ನೆಲದಲ್ಲಿ ಊರಿನ ಹುಡುಗರು ಆಟವಾಡುತ್ತಾರೆ.

ಪಂದ್ಯದ ನೀತಿ

ದೋಣಿ ಕ್ಲಬ್ಬು 1890ರಲ್ಲಿ, ಹಾಯಿದೋಣಿಗಳ ಕ್ಲಬ್ಬು 1910ರಲ್ಲಿ ಆರಂಭವಾದವು. ಬೇಸಿಗೆ ಕಳೆಯಲು ಬಂದ ಅಧಿಕಾರಿಗಳ ಕೂಟವದು. ದೋಣಿಗಳ ವಿನ್ಯಾಸ ಲಿಂಟನ್ ಹೋಪ್‌ನದು. ಈತ 1900ರ ಪ್ಯಾರಿಸ್ ಒಲಿಂಪಿಕ್ಸ್‌ನ ಹಾಯಿ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಇಂಗ್ಲಿಷ್ ದೋಣಿ ವಿನ್ಯಾಸಕಾರ.

ಬೆಟ್ಟದ ಸರೋವರದಲ್ಲಿ ಹಾಯಿ ಬಿಚ್ಚುವುದು ಕಡಲಿನಲ್ಲಿ ಬಿಚ್ಚಿದಂತಲ್ಲ. ಈ ಎತ್ತರದಲ್ಲಿ ಗಾಳಿ ತೆಳು. ಸಮುದ್ರ ಮಟ್ಟದಲ್ಲಿ ಅಷ್ಟೇ ವೇಗದ ಗಾಳಿಗೆ ಇರುವ ತಳ್ಳುವ ಬಲದಲ್ಲಿ ಇಲ್ಲಿ ಐದರಲ್ಲೊಂದು ಪಾಲು ಕಡಿಮೆ. ಸಾಲದ್ದಕ್ಕೆ ಅದು ನೇರವಾಗಿ ಬೀಸುವುದಿಲ್ಲ. ಒಂದು ಕಡೆ ಅಯಾರ್‌ಪಾಟಾ, ಇನ್ನೊಂದು ಕಡೆ ಶೇರ್-ಕಾ-ಡಾಂಡಾ. ಈ ಗುಡ್ಡಗಳಿಗೆ ಬಡಿದು ಗಾಳಿ ಒಡೆಯುತ್ತದೆ, ತಿರುಗುತ್ತದೆ, ಕಣಿವೆಯಿಂದ ಹಠಾತ್ತನೆ ಎರಗುತ್ತದೆ. ಮುಂದಿನ ದೋಣಿ ನಿಶ್ಚಲವಾಗಿ ನಿಂತಿರುವಾಗ, ಹಿಂದಿದ್ದ ದೋಣಿ ದಡದ ಬಳಿ ಸಿಕ್ಕ ಒಂದು ಬೀಸನ್ನು ಹಿಡಿದು ಅದನ್ನು ದಾಟಿ ಹೋಗಬಹುದು.

ಗಾಳಿಗೆ ಎದುರಾಗಿ ಯಾವ ಹಾಯಿದೋಣಿಯೂ ನೆಟ್ಟಗೆ ಸಾಗಲಾರದು. ಬಲಕ್ಕೊಮ್ಮೆ, ಎಡಕ್ಕೊಮ್ಮೆ ಓರೆಯಾಗಿ ಸಾಗುತ್ತಾ ಮುಂದಿನ ಗುರುತನ್ನು ತಲುಪಬೇಕು. ಸರೋವರ ಕಿರಿದಾದ್ದರಿಂದ ದಡ ಬಹುಬೇಗ ಎದುರಾಗುತ್ತದೆ. ಕ್ಷಣಕ್ಷಣಕ್ಕೂ ಚುಕ್ಕಾಣಿ ತಿರುವಿ, ಹಾಯಿಯನ್ನು ಆ ಬದಿಯಿಂದ ಈ ಬದಿಗೆ ಬದಲಿಸಿ, ತಲೆ ತಗ್ಗಿಸಿ ಸರಿದು ಕೂರಬೇಕು. ಬಲಕ್ಕಿಂತ ಇಲ್ಲಿ ತಾಳ್ಮೆ ದೊಡ್ಡದು.

ಗಮನಾರ್ಹ ಸಂಗತಿಯೊಂದಿದೆ. ಎರಡು ದೋಣಿಗಳು ಎದುರಾದರೆ, ಬಲಬದಿಯಿಂದ ಗಾಳಿ ಪಡೆಯುವ ದೋಣಿಗೆ ಇನ್ನೊಂದು ದಾರಿ ಬಿಡಬೇಕು. ಅದರಲ್ಲಿರುವವನು ಕಲೆಕ್ಟರನೋ ಗುಮಾಸ್ತನೋ ಎಂದು ಗಾಳಿ ಕೇಳುವುದಿಲ್ಲ. ಪ್ರತಿ ದೋಣಿಯಲ್ಲೂ ತೀರ್ಪುಗಾರ ಇರುವುದಿಲ್ಲ. ನಿಯಮ ಮುರಿದವನು ತಾನೇ ಒಪ್ಪಿಕೊಂಡು ದಂಡ ತೆರಬೇಕು. ಹಿಂದಿನ ಕಾಲದಲ್ಲಿ ತಪ್ಪು ಮಾಡಿದವನು ಸ್ಪರ್ಧೆಯಿಂದಲೇ ಹಿಂದೆ ಸರಿಯುತ್ತಿದ್ದ. ಯಾರೂ ನೋಡದಿದ್ದರೂ ಸತ್ಯ ಹೇಳಬೇಕೆಂಬುದು ಈ ಆಟದ ಬುನಾದಿ.

ಇಲ್ಲಿಯೇ ಇತಿಹಾಸ ನಮ್ಮನ್ನು ಕಾಡುತ್ತದೆ. ಸಹಸ್ಪರ್ಧಿಯ ಹಕ್ಕನ್ನು ಇಷ್ಟು ನವಿರಾಗಿ ಕಾಪಾಡಿದ ಜನರೇ, ನರಸಿಂಗನ ಹಕ್ಕಿನ ವಿಷಯದಲ್ಲಿ ಆ ನ್ಯಾಯವನ್ನು ನೆನೆಯಲಿಲ್ಲ. ಅವರ ನೀತಿ ಪ್ರಾಮಾಣಿಕವಾಗಿಯೇ ಇತ್ತು, ಆದರೆ ಅದರ ಗಡಿ ಕ್ಲಬ್ಬಿನ ಬಾಗಿಲಿಗೇ ಮುಗಿಯುತ್ತಿತ್ತು. ತಮ್ಮವರ ನಡುವೆ ಮಾತ್ರ ಪಾಲಿಸುವ ನ್ಯಾಯವನ್ನು ನ್ಯಾಯವೆನ್ನಬಹುದೇ? ಈ ಪ್ರಶ್ನೆ ಬ್ರಿಟಿಷರಿಗಷ್ಟೇ ಮೀಸಲಲ್ಲ. ಪ್ರತಿಯೊಂದು ಸಮುದಾಯವೂ ತನ್ನನ್ನು ಕೇಳಿಕೊಳ್ಳಬೇಕಾದದ್ದು.

ಈಗ ಹಕ್ಕು ಯಾರದು?

ದೊರೆಗಳು ಹೋದರು, ಹಾಯಿಗಳು ಉಳಿದವು. ಇಂದು ದುಡ್ಡು ಕೊಟ್ಟ ಪ್ರವಾಸಿಗನೂ ನುರಿತ ನಾವಿಕನ ಜೊತೆ ಹಾಯಿದೋಣಿಯಲ್ಲಿ ಕೂರಬಹುದು. ಹುಟ್ಟು ಹಾಕುವ ನೂರಾರು ಅಂಬಿಗರ ಸಂಸಾರ ಈ ನೀರಿನಿಂದಲೇ ನಡೆಯುತ್ತದೆ. ಊರಿಗೆ ಕುಡಿಯುವ ನೀರೂ ಇಲ್ಲಿಂದಲೇ.

ಆದರೆ 2016 ಮತ್ತು 2017ರ ಬೇಸಿಗೆಗಳಲ್ಲಿ ಸರೋವರದ ಮಟ್ಟ ಆತಂಕಕಾರಿಯಾಗಿ ಕುಸಿದು, ಅಂಚುಗಳಲ್ಲಿ ಕೆಸರಿನ ದಿಬ್ಬಗಳು ಕಾಣಿಸಿಕೊಂಡವು. ಇದಕ್ಕೆ ನೀರುಣಿಸುವ ಮೇಲಿನ ಸೂಖಾತಾಲ್ ಕೆರೆಯ ಆಸುಪಾಸು ಕಟ್ಟಡಗಳು ಎದ್ದಿದ್ದವು. 2022ರಲ್ಲಿ ಅಲ್ಲಿನ ಕಾಮಗಾರಿಗೆ ಉತ್ತರಾಖಂಡದ ಹೈಕೋರ್ಟು ತಡೆ ನೀಡಬೇಕಾಯಿತು. ಈ ಬಾರಿ ದೋಣಿಯ ನಡುವೆ ಕಾಗದ ಹಿಡಿದವರು ಪರದೇಶಿಯರಲ್ಲ.

ಹಾಯಿದೋಣಿಯ ಪಂದ್ಯದಲ್ಲಿ ಎಲ್ಲರಿಗೂ ಒಂದೇ ಗಾಳಿ, ಒಂದೇ ನೀರು. ಆ ನೀರೇ ಬತ್ತಿದರೆ ಗೆದ್ದವನ ದೋಣಿಯೂ ಸೋತವನ ದೋಣಿಯೂ ಒಂದೇ ಕೆಸರಿನಲ್ಲಿ ಕೂರುತ್ತವೆ. ನರಸಿಂಗನಿಂದ ಕಸಿದ ಹಕ್ಕನ್ನು ಅವನಿಗೆ ಇನ್ನು ಮರಳಿಸಲಾಗದು. ಆದರೆ ಆ ಬೆಟ್ಟದಲ್ಲಿ ಮುಂದೆ ಹುಟ್ಟುವ ಮಗುವಿನ ಹಕ್ಕನ್ನು ಉಳಿಸಲು ಇನ್ನೂ ಕಾಲ ಮಿಂಚಿಲ್ಲ.