ಆಮ್‌ಸ್ಟರ್‌ಡ್ಯಾಮ್‌ನ ಆಟದಂಗಳಗಳು ಮತ್ತು ಮಕ್ಕಳ ರಸ್ತೆ ಸುರಕ್ಷತಾ ಚಳವಳಿ

ಆಮ್‌ಸ್ಟರ್‌ಡ್ಯಾಮ್‌ನ ಆಟದಂಗಳಗಳು ನೆದರ್ಲೆಂಡ್ಸ್‌ನ ರಾಜಧಾನಿಯಲ್ಲಿ 1947ರಿಂದ 1978ರವರೆಗೆ ನಿರ್ಮಾಣಗೊಂಡ, ಬೇಲಿಯಿಲ್ಲದ ಸಣ್ಣ ಸಾರ್ವಜನಿಕ ಆಟದ ಸ್ಥಳಗಳಾಗಿವೆ. ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ (1918–1999) ವಿನ್ಯಾಸಗೊಳಿಸಿದ ಇಂತಹ 700ಕ್ಕೂ ಹೆಚ್ಚು ಅಂಗಳಗಳು ನಗರದ ಎಲ್ಲ ಭಾಗಗಳಲ್ಲಿ ತಲೆಯೆತ್ತಿದವು. ಇವುಗಳಲ್ಲಿ ಬಹಳಷ್ಟು ಅಂಗಳಗಳು ಆಯಾ ಬೀದಿಯ ನಿವಾಸಿಗಳ ಬೇಡಿಕೆಯಿಂದ ಹುಟ್ಟಿದವು ಎಂಬುದು ಗಮನಾರ್ಹ. 1970ರ ದಶಕದಲ್ಲಿ ಮೋಟಾರು ವಾಹನಗಳ ದಟ್ಟಣೆಯಿಂದ ಈ ಅಂಗಳಗಳಿಗೆ ಹೋಗುವ ದಾರಿಯೇ ಅಪಾಯಕಾರಿಯಾದಾಗ, ತಂದೆತಾಯಿಗಳೂ ಮಕ್ಕಳೂ ಬೀದಿಗಿಳಿದು ನಡೆಸಿದ ಹೋರಾಟವು ದೇಶದ ಸಂಚಾರ ನೀತಿಯ ದಿಕ್ಕನ್ನು ಬದಲಿಸಲು ನೆರವಾಯಿತು.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಮೊದಲಾರ್ಧದಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಮಕ್ಕಳ ಆಟದ ಸ್ಥಳಗಳನ್ನು ಹೆಚ್ಚಾಗಿ ಖಾಸಗಿ ಸಂಘಗಳು ನಡೆಸುತ್ತಿದ್ದವು. ಈ ಸಂಘಗಳ ಪ್ರವರ್ತಕರಲ್ಲಿ ಉಯ್ಲ್ಕೆ ಯಾನ್ಸ್ ಕ್ಲಾರೆನ್ ಪ್ರಮುಖರು. ಕೂಲಿಕಾರರ ಬಡಾವಣೆಗಳ ಕತ್ತಲೆ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ ಗಾಳಿ, ಬೆಳಕು ಮತ್ತು ಸುರಕ್ಷಿತ ಆಟದ ಜಾಗ ದೊರೆಯಬೇಕೆಂಬುದು ಸಂಘಗಳ ಉದ್ದೇಶವಾಗಿತ್ತು. ಆದರೆ ಅವುಗಳ ಮೈದಾನಗಳಿಗೆ ಬೇಲಿಯೂ ಬಾಗಿಲೂ ಇರುತ್ತಿದ್ದವು. ಸಾಮಾನ್ಯವಾಗಿ ಸದಸ್ಯ ಕುಟುಂಬಗಳ ಮಕ್ಕಳಿಗೆ ಮಾತ್ರ ಪ್ರವೇಶವಿತ್ತು. ಉಳಿದ ಮಕ್ಕಳಿಗೆ ಬೀದಿಯೇ ಗತಿಯಾಗಿತ್ತು.

ಎರಡನೆಯ ಮಹಾಯುದ್ಧವು ನಗರವನ್ನು ಜರ್ಜರಿತಗೊಳಿಸಿತು. ನಗರದ ಯಹೂದಿ ನಿವಾಸಿಗಳಲ್ಲಿ ಬಹುಪಾಲು ಜನರನ್ನು ನಾಜಿಗಳು ಗಡೀಪಾರು ಮಾಡಿ ಕೊಂದರು. 1944–45ರ ಕ್ಷಾಮದ ಚಳಿಗಾಲದಲ್ಲಿ, ಬರಿದಾಗಿದ್ದ ಅವರ ಮನೆಗಳ ತೊಲೆ, ಬಾಗಿಲು, ಮೆಟ್ಟಿಲುಗಳನ್ನು ಜನರು ಉರುವಲಿಗಾಗಿ ಕಿತ್ತೊಯ್ದರು. ಹಲವು ಕಟ್ಟಡಗಳು ಕುಸಿದುಬಿದ್ದವು. ಯುದ್ಧ ಮುಗಿದ ಬಳಿಕ ಜನನಗಳ ಸಂಖ್ಯೆ ಏರಿತು, ವಸತಿಯ ಕೊರತೆ ತೀವ್ರವಾಯಿತು. ಹೀಗೆ ಒಂದೆಡೆ ಆಡಲು ಜಾಗವಿಲ್ಲದ ಮಕ್ಕಳು, ಇನ್ನೊಂದೆಡೆ ಕಸ ತುಂಬಿದ ಖಾಲಿ ನಿವೇಶನಗಳು ಎಂಬ ಪರಿಸ್ಥಿತಿ ಉಂಟಾಯಿತು. ಮುಂದೆ ನಿರ್ಮಾಣವಾದ ಆಟದಂಗಳಗಳಲ್ಲಿ ಕೆಲವು ಕಣ್ಮರೆಯಾದ ಆ ಮನೆಗಳ ಜಾಗದಲ್ಲಿಯೇ ಇವೆ.

ಮೊದಲ ಅಂಗಳ ಮತ್ತು ನಿವಾಸಿಗಳ ಪತ್ರಗಳು

1946ರಲ್ಲಿ ವಾನ್ ಐಕ್ ನಗರಸಭೆಯ ನಗರಾಭಿವೃದ್ಧಿ ವಿಭಾಗವನ್ನು ಸೇರಿದರು. ಆಗ ಕೊರ್ನೆಲಿಸ್ ವಾನ್ ಎಸ್ಟೆರೆನ್ ಮತ್ತು ಯಾಕೊಬಾ ಮುಲ್ಡರ್ ಅಲ್ಲಿನ ಹಿರಿಯರಾಗಿದ್ದರು. ಪ್ರತಿಯೊಂದು ನೆರೆಹೊರೆಗೂ ಒಂದು ಸಾರ್ವಜನಿಕ ಆಟದಂಗಳ ಇರಬೇಕೆಂಬ ವಿಚಾರಕ್ಕೆ ಮುಲ್ಡರ್ ಒತ್ತಾಸೆಯಾಗಿ ನಿಂತರು. 1947ರಲ್ಲಿ ಬೆರ್ಟೆಲ್ಮನ್‌ಪ್ಲೈನ್ ಎಂಬ ಚಿಕ್ಕ ಚೌಕದಲ್ಲಿ ಪ್ರಯೋಗಾರ್ಥವಾಗಿ ಮೊದಲ ಅಂಗಳವನ್ನು ನಿರ್ಮಿಸಲಾಯಿತು. ಅಗಲವಾದ ಅಂಚುಳ್ಳ ಮರಳಿನ ತೊಟ್ಟಿ, ಅದರೊಳಗೆ ನಾಲ್ಕು ದುಂಡನೆಯ ಕಲ್ಲುಗಳು, ಮಕ್ಕಳು ನೇತಾಡಿ ಉರುಳಲು ಕಬ್ಬಿಣದ ಅಡ್ಡಕಂಬಿಗಳು, ಸುತ್ತ ಮರಗಳು ಮತ್ತು ದೊಡ್ಡವರು ಕುಳಿತುಕೊಳ್ಳಲು ಬೆಂಚುಗಳು ಅಲ್ಲಿದ್ದವು. ಬೇಲಿ ಇರಲಿಲ್ಲ, ಕಾವಲುಗಾರನೂ ಇರಲಿಲ್ಲ.

ಈ ಪ್ರಯೋಗ ಕೂಡಲೇ ಜನಪ್ರಿಯವಾಯಿತು. ತಮ್ಮ ಬೀದಿಯಲ್ಲಿಯೂ ಇಂತಹದೊಂದು ಬೇಕೆಂದು ಇತರ ಬಡಾವಣೆಗಳ ನಿವಾಸಿಗಳು ನಗರಸಭೆಗೆ ಪತ್ರ ಬರೆಯಲಾರಂಭಿಸಿದರು. ಎಲ್ಲಿ ಜಾಗ ಖಾಲಿ ಇದೆ, ಎಲ್ಲಿ ಮಕ್ಕಳು ಅಪಾಯದ ನಡುವೆ ಆಡುತ್ತಾರೆ ಎಂಬುದು ಅಧಿಕಾರಿಗಳಿಗಿಂತ ಅಲ್ಲಿ ವಾಸಿಸುವವರಿಗೆ ಚೆನ್ನಾಗಿ ತಿಳಿದಿರುತ್ತದೆ. ಪತ್ರ ಬಂದ ಬಳಿಕ ಸ್ಥಳವನ್ನು ಪರಿಶೀಲಿಸಿ, ಅದರ ಆಕಾರಕ್ಕೆ ತಕ್ಕಂತೆ ನಕ್ಷೆ ಸಿದ್ಧಪಡಿಸಲಾಗುತ್ತಿತ್ತು. ಹೀಗಾಗಿ ಈ ಯೋಜನೆಗೆ ಪೂರ್ವನಿರ್ಧಾರಿತವಾದ ನಗರವ್ಯಾಪಿ ಮಹಾನಕ್ಷೆ ಇರಲಿಲ್ಲ. ಒಂದೊಂದೇ ಅಂಗಳ ಸೇರಿ ಜಾಲವಾಗಿ ಬೆಳೆಯಿತು. ವಾನ್ ಐಕ್ 1950ರ ದಶಕದ ಆರಂಭದಲ್ಲಿ ನಗರಸಭೆಯ ಉದ್ಯೋಗವನ್ನು ಬಿಟ್ಟರೂ ಅಂಗಳಗಳ ವಿನ್ಯಾಸವನ್ನು ಮುಂದುವರಿಸಿದರು. 1954ರ ಡೈಕ್‌ಸ್ಟ್ರಾಟ್ ಅಂಗಳವು ಎರಡು ಹಳೆಯ ಕಟ್ಟಡಗಳ ನಡುವಿನ ಇಕ್ಕಟ್ಟಾದ ಖಾಲಿ ನಿವೇಶನವನ್ನು ಬಳಸಿಕೊಂಡ ರೀತಿಗಾಗಿ ಪ್ರಸಿದ್ಧವಾಗಿದೆ.

ವಿನ್ಯಾಸದ ಸ್ವರೂಪ

ಆನೆ, ಕುದುರೆ ಮೊದಲಾದ ಪ್ರಾಣಿಗಳ ಆಕಾರದ ಆಟಿಕೆಗಳನ್ನು ವಾನ್ ಐಕ್ ಒಪ್ಪುತ್ತಿರಲಿಲ್ಲ. ಆನೆಯ ಆಕಾರದ ಜಾರುಬಂಡೆ ಸದಾ ಆನೆಯಾಗಿಯೇ ಉಳಿಯುತ್ತದೆ. ಬರಿಯ ಕಂಬಿಗಳ ಗುಮ್ಮಟವು ಒಂದು ದಿನ ಮನೆಯಾಗಬಹುದು, ಇನ್ನೊಂದು ದಿನ ಬೆಟ್ಟವಾಗಬಹುದು. ಆದ್ದರಿಂದ ಕಾಂಕ್ರೀಟಿನ ತೊಟ್ಟಿ, ಹಾರುಗಲ್ಲು, ಕಮಾನು, ಗುಮ್ಮಟಗಳಂತಹ ಕೆಲವೇ ಸರಳ ರೂಪಗಳನ್ನು ಅವರು ಪ್ರತಿ ಸ್ಥಳದಲ್ಲಿಯೂ ಬೇರೆ ಬೇರೆ ಬಗೆಯಲ್ಲಿ ಜೋಡಿಸಿದರು. ಇದರಿಂದ ವೆಚ್ಚವೂ ಕಡಿಮೆಯಾಯಿತು. ಉಪಕರಣಗಳನ್ನು ನಡುಮಧ್ಯದಲ್ಲಿಡದೆ ಒಂದು ಬದಿಗೆ ಸರಿಸಿಡುವುದು ಅವರ ಇನ್ನೊಂದು ರೂಢಿ. ಮಕ್ಕಳಿಲ್ಲದ ಹೊತ್ತಿನಲ್ಲಿ ಅಂಗಳವು ಊರಿನ ಚೌಕದಂತೆಯೇ ಕಾಣಬೇಕು, ವೃದ್ಧರೂ ಅಲ್ಲಿ ಬಂದು ಕೂರಬೇಕು ಎಂಬುದು ಇದರ ಹಿಂದಿನ ಆಲೋಚನೆ. ದೊಡ್ಡವರ ಕಣ್ಣಳತೆಯಲ್ಲಿರುವುದೇ ಮಕ್ಕಳಿಗೆ ಕಾವಲಾಗಿತ್ತು.

ಈ ವಿನ್ಯಾಸಗಳು ಪ್ರಶ್ನಾತೀತವೇನಲ್ಲ. ಹಾರುಗಲ್ಲುಗಳನ್ನು ಸಮಾನ ಅಂತರದಲ್ಲಿಡುವ ಕ್ರಮವು ನೋಟಕ್ಕೆ ಅಂದವಾದರೂ, ಮಕ್ಕಳು ಅಸಮಾನ ಅಂತರ ಮತ್ತು ಎತ್ತರಗಳ ಕಲ್ಲುಗಳನ್ನೇ ಹೆಚ್ಚು ಮೆಚ್ಚುತ್ತಾರೆಂದು ಗ್ರೋನಿಂಗೆನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡುಕೊಂಡರು.

ರಸ್ತೆಯ ಅಪಾಯ ಮತ್ತು ಚಳವಳಿ

ಬೇಲಿಯಿಲ್ಲದ ಅಂಗಳವು ಸುತ್ತಲಿನ ಬೀದಿ ಶಾಂತವಾಗಿದ್ದರೆ ಮಾತ್ರ ಸುರಕ್ಷಿತ. 1950 ಮತ್ತು 60ರ ದಶಕಗಳಲ್ಲಿ ನೆದರ್ಲೆಂಡ್ಸ್‌ನಲ್ಲಿ ಕಾರುಗಳ ಸಂಖ್ಯೆ ವೇಗವಾಗಿ ಹೆಚ್ಚಿತು. ರಸ್ತೆಯ ಬದಿಗಳು ವಾಹನ ನಿಲುಗಡೆಗೆ ಮೀಸಲಾದವು. 1971ರಲ್ಲಿ ದೇಶದಾದ್ಯಂತ ಸುಮಾರು 3,300 ಮಂದಿ ರಸ್ತೆ ಅಪಘಾತಗಳಲ್ಲಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು.

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಈ ಸಂಕಟ ಎದ್ದು ಕಂಡದ್ದು ಡೆ ಪೈಪ್ ಎಂಬ ಬಡಾವಣೆಯಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒತ್ತೊತ್ತಾಗಿ ಕಟ್ಟಲಾದ ಅಲ್ಲಿನ ಕಿರಿದಾದ ಬೀದಿಗಳ ಎರಡೂ ಬದಿಗಳಲ್ಲಿ ಕಾರುಗಳು ತುಂಬಿ ನಿಂತಿರುತ್ತಿದ್ದವು. 1972ರಲ್ಲಿ ಅಲ್ಲಿನ ಶಾಲಾಮಕ್ಕಳು ಆಟಕ್ಕೆ ಬೀದಿ ಬೇಕೆಂದು ಮನೆಮನೆಗೆ ತೆರಳಿ ಸಹಿ ಸಂಗ್ರಹಿಸಿದರು. ತಡೆಗಳನ್ನಿಟ್ಟು ಬೀದಿಯನ್ನು ತಾವೇ ಮುಚ್ಚಿದರು. ದಾರಿ ಬಿಡಬೇಕೆಂದು ಸಿಟ್ಟಿಗೆದ್ದ ಚಾಲಕರೊಡನೆ ಜಟಾಪಟಿಯೂ ನಡೆಯಿತು. ದೂರದರ್ಶನದಲ್ಲಿ ಪ್ರಸಾರವಾದ ಸಾಕ್ಷ್ಯಚಿತ್ರವೊಂದರ ಮೂಲಕ ಇದು ದೇಶದ ಗಮನ ಸೆಳೆಯಿತು. ತಮ್ಮ ಬೀದಿಯ ಕುರಿತು ಮಕ್ಕಳೇ ಮಾತನಾಡುವ ಆ ಚಿತ್ರವನ್ನು ಇಂದಿಗೂ ನಗರಯೋಜನೆಯ ಚರ್ಚೆಗಳಲ್ಲಿ ಉಲ್ಲೇಖಿಸಲಾಗುತ್ತದೆ.

ಅದೇ ವರ್ಷ, ಅಪಘಾತದಲ್ಲಿ ಮಗಳನ್ನು ಕಳೆದುಕೊಂಡಿದ್ದ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ಅವರು 'ಡೆ ಟೈಡ್' ಪತ್ರಿಕೆಯಲ್ಲಿ ಲೇಖನವೊಂದನ್ನು ಬರೆದರು. 'ಸ್ಟಾಪ್ ಡೆ ಕಿಂಡರ್‌ಮೋರ್ಡ್', ಅಂದರೆ 'ಮಕ್ಕಳ ಕೊಲೆಯನ್ನು ನಿಲ್ಲಿಸಿ' ಎಂಬುದು ಅದರ ಶೀರ್ಷಿಕೆ. ಅಪಘಾತವೆಂಬ ಮೃದುವಾದ ಪದವನ್ನು ತೊರೆದು ಕೊಲೆ ಎಂದು ಕರೆದದ್ದು ಓದುಗರನ್ನು ಬಡಿದೆಬ್ಬಿಸಿತು. ಇದೇ ಹೆಸರಿನಲ್ಲಿ ರೂಪುಗೊಂಡ ಸಂಘಟನೆಗೆ ಮಾರ್ಟ್ಯೆ ವಾನ್ ಪುಟ್ಟನ್ ಮೊದಲ ಅಧ್ಯಕ್ಷೆಯಾದರು. ಮುಂದೆ ಅವರು ಯುರೋಪಿಯನ್ ಸಂಸತ್ತಿನ ಸದಸ್ಯೆಯೂ ಆದರು. ಕಾರ್ಯಕರ್ತರು ಸೈಕಲ್ ಮೆರವಣಿಗೆಗಳನ್ನು ನಡೆಸಿದರು, ಅಪಾಯಕಾರಿ ತಿರುವುಗಳನ್ನು ತಡೆದರು, ಬೀದಿಗಳನ್ನು ಮುಚ್ಚಿ ಮಕ್ಕಳನ್ನು ಆಡಬಿಟ್ಟರು. ಪ್ರಧಾನಿ ಯೋಪ್ ಡೆನ್ ಅಯ್ಲ್ ಅವರ ಮನೆಯ ಮುಂದೆ ವಾದ್ಯದೊಡನೆ ಹಾಡಿ ಬೇಡಿಕೆ ಸಲ್ಲಿಸಿದಾಗ ಅವರು ಹೊರಬಂದು ಆಲಿಸಿದರು. 1973ರ ತೈಲ ಬಿಕ್ಕಟ್ಟಿನ ಕಾಲದ ಕಾರುರಹಿತ ಭಾನುವಾರಗಳು ವಾಹನಗಳಿಲ್ಲದ ರಸ್ತೆ ಹೇಗಿರುತ್ತದೆಂಬುದನ್ನು ಇಡೀ ದೇಶಕ್ಕೆ ತೋರಿಸಿಕೊಟ್ಟವು.

ಪರಿಣಾಮಗಳು

ಡೆಲ್ಫ್ಟ್ ನಗರದಲ್ಲಿ ಆರಂಭವಾಗಿದ್ದ 'ವೂನೆರ್ಫ್' (ವಾಸದ ಅಂಗಳ) ಎಂಬ ಬೀದಿ ಮಾದರಿಗೆ 1976ರಲ್ಲಿ ಕಾನೂನಿನ ಮಾನ್ಯತೆ ದೊರೆಯಿತು. ಇಂತಹ ಬೀದಿಯಲ್ಲಿ ವಾಹನಗಳು ನಡಿಗೆಯ ವೇಗದಲ್ಲಿ ಮಾತ್ರ ಚಲಿಸಬೇಕೆಂಬುದು ಆಗಿನ ನಿಯಮವಾಗಿತ್ತು. ಮಕ್ಕಳು ರಸ್ತೆಯ ಪೂರ್ಣ ಅಗಲದಲ್ಲಿ ಆಡಬಹುದು. 1980ರ ದಶಕದಲ್ಲಿ ಗಂಟೆಗೆ 30 ಕಿ.ಮೀ. ಮಿತಿಯ ವಲಯಗಳು ಬಂದವು. 2010ರ ವೇಳೆಗೆ ದೇಶದಲ್ಲಿ ವರ್ಷಕ್ಕೆ ಅಪಘಾತಗಳಲ್ಲಿ ಸಾಯುವ ಮಕ್ಕಳ ಸಂಖ್ಯೆ 14ಕ್ಕೆ ಇಳಿಯಿತು. ಸೀಟ್ ಬೆಲ್ಟ್, ಉತ್ತಮ ವಾಹನಗಳು ಮತ್ತು ವೈದ್ಯಕೀಯ ಪ್ರಗತಿಗೂ ಇದರಲ್ಲಿ ಪಾಲಿದೆ. ಆದ್ದರಿಂದ ಇಡೀ ಇಳಿಕೆಯನ್ನು ಚಳವಳಿಯೊಂದಕ್ಕೇ ಸಲ್ಲಿಸುವುದು ಸರಿಯಾಗದು. 2023ರ ಡಿಸೆಂಬರ್ 8ರಿಂದ ಆಮ್‌ಸ್ಟರ್‌ಡ್ಯಾಮ್‌ನ ಹೆಚ್ಚಿನ ರಸ್ತೆಗಳಲ್ಲಿ 30 ಕಿ.ಮೀ. ಮಿತಿ ಜಾರಿಯಲ್ಲಿದೆ.

ಇತ್ತೀಚಿನ ದಶಕಗಳಲ್ಲಿ ಮಕ್ಕಳ ಅತಿತೂಕವು ಹೊಸ ಕಾಳಜಿಯಾಗಿದೆ. ಇದಕ್ಕಾಗಿ ನಗರಸಭೆಯು ಶಾಲೆ, ಕುಟುಂಬ, ವೈದ್ಯರು ಮತ್ತು ನೆರೆಹೊರೆಯವರನ್ನು ಒಳಗೊಂಡ ಕಾರ್ಯಕ್ರಮವನ್ನು ಕೈಗೊಂಡಿತು. ಆಟ ಮತ್ತು ವ್ಯಾಯಾಮದ ಜೊತೆಗೆ ಶಾಲೆಯಲ್ಲಿ ಸಿಹಿ ಪಾನೀಯದ ಬದಲು ನೀರು ಕುಡಿಯುವುದು, ಸಾಕಷ್ಟು ನಿದ್ರೆ ಮಾಡುವುದು ಇದರ ಭಾಗಗಳು. ಅತಿತೂಕದ ಮಕ್ಕಳ ಪ್ರಮಾಣವು 2012ರ ಶೇ. 21ರಿಂದ 2015ರಲ್ಲಿ ಶೇ. 18.5ಕ್ಕೆ ಇಳಿದಿದೆ ಎಂದು ವರದಿಯಾಯಿತು.

ಉಳಿದಿರುವ ಅಂಗಳಗಳು

ವಾನ್ ಐಕ್ ಅವರ ಅಂಗಳಗಳಲ್ಲಿ ಬಹುಪಾಲು ಈಗ ಮೂಲರೂಪದಲ್ಲಿಲ್ಲ. ಖಾಲಿ ನಿವೇಶನಗಳಲ್ಲಿದ್ದ ಹಲವು ಅಂಗಳಗಳು ತಾತ್ಕಾಲಿಕವೆಂದೇ ನಿರ್ಮಾಣವಾಗಿದ್ದು, ಅಲ್ಲಿ ಹೊಸ ಕಟ್ಟಡಗಳು ಬಂದಿವೆ. ಉಪಕರಣಗಳ ಸುರಕ್ಷತಾ ನಿಯಮಗಳು ಬಿಗಿಯಾದ ಮೇಲೆ ಇನ್ನು ಕೆಲವನ್ನು ತೆರವುಗೊಳಿಸಲಾಯಿತು. 2002ರಲ್ಲಿ ನಗರದ ಸ್ಟೆಡೆಲಿಕ್ ವಸ್ತುಸಂಗ್ರಹಾಲಯವು ಈ ಅಂಗಳಗಳ ಕುರಿತು ಪ್ರದರ್ಶನ ಏರ್ಪಡಿಸಿತ್ತು. ರೈಕ್ಸ್ ಮ್ಯೂಸಿಯಂನ ಉದ್ಯಾನದಲ್ಲಿ ಅವರು ರೂಪಿಸಿದ ಹತ್ತುಕಂಬಿಗಳನ್ನು ಇರಿಸಲಾಗಿದ್ದು, ಅಲ್ಲಿ ಮಕ್ಕಳು ಅವುಗಳನ್ನು ಹತ್ತಿ ಆಡುತ್ತಾರೆ.