ದುರ್ಮಾಂಸದಿಂದ ಪಾಲಿಪ್‌ವರೆಗೆ: ಸೊಲ್ಲಾಪುರ-ಅಕ್ಕಲಕೋಟೆಯ ಗಡಿಯಲ್ಲಿ ಒಂದು ರೋಗದ ಚರಿತ್ರೆ

ಮೂಗಿನ ಪಾಲಿಪ್ ಎಂದು ಇಂದು ವೈದ್ಯರು ಕರೆಯುವ ರೋಗಕ್ಕೆ ಕನ್ನಡದ ಆಡುನುಡಿಯಲ್ಲಿ ‘ಮೂಗಿನಲ್ಲಿ ದುರ್ಮಾಂಸ ಬೆಳೆದಿದೆ’ ಎನ್ನುವುದುಂಟು. ಮರಾಠಿಯಲ್ಲಿ ‘ನಾಕಾತ ಮಾಂಸ ವಾಢಣೆ’ ಎನ್ನುತ್ತಾರೆ. ಎರಡು ಭಾಷೆಗಳೂ ರೋಗವನ್ನು ಕಿತ್ತೊಗೆಯಬೇಕಾದ ವಸ್ತುವೆಂದೇ ಗ್ರಹಿಸಿವೆ. ಈ ಗ್ರಹಿಕೆಗೆ ದೀರ್ಘವಾದ ಹಿನ್ನೆಲೆಯಿದೆ.

ಸುಶ್ರುತಸಂಹಿತೆಯು ಈ ಬೆಳವಣಿಗೆಯನ್ನು ಅರ್ಶಸ್ಸುಗಳ, ಅಂದರೆ ಮೊಳೆರೋಗದ, ವರ್ಗಕ್ಕೆ ಸೇರಿಸಿ, ನೆಗಡಿ, ಅತಿಯಾದ ಸೀನು, ಉಸಿರಾಟದ ಕಷ್ಟ, ದುರ್ಗಂಧ, ಅನುನಾಸಿಕ ಮಾತು, ತಲೆನೋವುಗಳನ್ನು ಅದರ ಲಕ್ಷಣಗಳೆಂದು ಗುರುತಿಸುತ್ತದೆ. ಅರ್ಶಸ್ಸಿಗೆ ಅದು ಹೇಳುವ ಉಪಾಯಗಳು ನಾಲ್ಕು: ಔಷಧ, ಕ್ಷಾರ, ಅಗ್ನಿ, ಶಸ್ತ್ರ. ಗ್ರೀಸಿನ ಹಿಪೊಕ್ರಾಟಿಕ್ ಗ್ರಂಥಗಳಲ್ಲಿ ಸ್ಪಂಜನ್ನು ದಾರಕ್ಕೆ ಕಟ್ಟಿ ಮೂಗಿನಿಂದ ಬಾಯಿಯ ಕಡೆಗೆ ಎಳೆಯುವ ವಿಧಾನವಿದೆ.

ಸೊಲ್ಲಾಪುರಕ್ಕೆ ಈ ಪರಂಪರೆಯೊಡನೆ ನೇರ ನಂಟುಂಟು. ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಮಾಂಸನಿಷೇಧವನ್ನು ಪ್ರತಿಪಾದಿಸಿದನೆನ್ನಲಾದ ಜೈನ ವೈದ್ಯ ಉಗ್ರಾದಿತ್ಯನ ಸಂಸ್ಕೃತ ‘ಕಲ್ಯಾಣಕಾರಕ’ವನ್ನು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಹಿಂದಿ ಅನುವಾದದೊಡನೆ ಸಂಪಾದಿಸಿದರು, ಅದು 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಪೂಜ್ಯಪಾದರ ಇದೇ ಹೆಸರಿನ ಕೃತಿಯನ್ನು ಜಗದ್ದಳ ಸೋಮನಾಥನು 12ನೆಯ ಶತಮಾನದಲ್ಲಿಯೇ ಕನ್ನಡಕ್ಕೆ ತಂದಿದ್ದನು. ವೈದ್ಯಶಾಸ್ತ್ರವನ್ನು ಹೇಳುವ ಶಕ್ತಿ ಕನ್ನಡಕ್ಕೆ ಹೊಸತಲ್ಲ.

ಆಧುನಿಕ ಚಿಕಿತ್ಸೆಯು ಮೊದಮೊದಲು ಹಳೆಯ ಗ್ರಹಿಕೆಯಲ್ಲೇ ಮುಂದುವರಿಯಿತು. 1884ರಲ್ಲಿ ಕಾರ್ಲ್ ಕೋಲರ್ ಕೊಕೇನಿನ ಸ್ಥಳೀಯ ಅರಿವಳಿಕೆಯ ಗುಣವನ್ನು ತೋರಿಸಿದ ಮೇಲೆ ತಂತಿಯ ಕುಣಿಕೆಯಿಂದ ಪಾಲಿಪ್ ತೆಗೆಯುವುದು ಸಹ್ಯವಾಯಿತು. ಆದರೂ ರೋಗ ಮರುಕಳಿಸುತ್ತಿತ್ತು. 1970ರ ದಶಕದಲ್ಲಿ ಬಳಕೆಗೆ ಬಂದ ಸ್ಟೀರಾಯ್ಡ್ ಸ್ಪ್ರೇ, ಮೆಸರ್‌ಕ್ಲಿಂಗರ್ ಮತ್ತು ಕೆನಡಿಯವರಿಂದ ರೂಪುಗೊಂಡ ಎಂಡೋಸ್ಕೋಪಿಕ್ ಶಸ್ತ್ರಚಿಕಿತ್ಸೆ ಇವು ದೃಷ್ಟಿಯನ್ನೇ ಬದಲಿಸಿದವು. ಪಾಲಿಪ್ ಹೆಚ್ಚಾಗಿ ಲೋಳ್ಪೊರೆಯ ದೀರ್ಘಕಾಲದ ಉರಿಯೂತದ ಫಲ. ಶಸ್ತ್ರವು ಹಾದಿಯನ್ನು ತೆರೆಯುತ್ತದೆ, ಉರಿಯೂತವನ್ನು ಹತೋಟಿಯಲ್ಲಿಡುವುದು ಉಪ್ಪುನೀರಿನ ತೊಳೆತ ಮತ್ತು ನಿತ್ಯದ ಸ್ಪ್ರೇ.

ಇಲ್ಲಿಯೇ ಗಡಿಯ ಪ್ರಶ್ನೆ ಎದುರಾಗುತ್ತದೆ. ಭೋಸಲೆ ಮನೆತನದ ಅಕ್ಕಲಕೋಟೆ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ಪುನರ್ವಿಂಗಡಣೆಯಲ್ಲಿ ಅಲ್ಲಿಯೇ ಉಳಿಯಿತು. ತಾಲೂಕನ್ನು ಕರ್ನಾಟಕಕ್ಕೆ ಸೇರಿಸಬೇಕೆಂಬ 1967ರ ಮಹಾಜನ ಆಯೋಗದ ಶಿಫಾರಸು ಜಾರಿಯಾಗಲಿಲ್ಲ. ಸುಮಾರು 40 ಕಿಲೋಮೀಟರ್ ದೂರದ ಸೊಲ್ಲಾಪುರದಲ್ಲಿ 1963ರಲ್ಲಿ ಆರಂಭವಾದ ವೈಶಂಪಾಯನ ಸ್ಮಾರಕ ವೈದ್ಯಕೀಯ ಕಾಲೇಜು ಇದೆ. ಅಲ್ಲಿ ಆಡಳಿತದ ಭಾಷೆ ಮರಾಠಿ, ಶಾಸ್ತ್ರದ ಭಾಷೆ ಇಂಗ್ಲಿಷ್.

ಕುಣಿಕೆಯ ಕಾಲದಲ್ಲಿ ರೋಗಿಯ ಭಾಷೆ ಅಷ್ಟಾಗಿ ಮುಖ್ಯವಾಗಿರಲಿಲ್ಲ; ಮುಗಿಯುತ್ತಿದ್ದುದು ಒಂದು ಕ್ರಿಯೆ. ಈಗಿನ ಚಿಕಿತ್ಸೆ ಮಾತಿನ ಮೇಲೆ ನಿಂತಿದೆ. ಆಸ್ತಮಾ ಇದೆಯೇ, ಆಸ್ಪಿರಿನ್ ನುಂಗಿದಾಗ ಉಸಿರು ಕಟ್ಟುವುದೇ ಎಂದು ವೈದ್ಯರು ಕೇಳಲೇಬೇಕು. ಒಂದೇ ಹೊಳ್ಳೆಯ ಬೆಳವಣಿಗೆಯಲ್ಲಿ ಗಡ್ಡೆಯ ಶಂಕೆಯಿಂದ ಪರೀಕ್ಷೆ ಏಕೆ ಬೇಕೆಂದು ತಿಳಿಹೇಳಬೇಕು. ‘ದುರ್ಮಾಂಸ ತೆಗೆದಾಯಿತು’ ಎಂದು ಕೇಳಿಸಿಕೊಂಡ ರೋಗಿ ಸ್ಪ್ರೇಯನ್ನು ಬಿಟ್ಟರೆ ಅದು ಅವನ ಅವಿಧೇಯತೆಯಲ್ಲ, ಪದದ ತರ್ಕ. ‘ಲೋಳ್ಪೊರೆಯ ಊತ’ ಎಂಬ ಸರಳ ಕನ್ನಡ ಆ ತರ್ಕವನ್ನು ತಿದ್ದಬಲ್ಲದು. ಗಡಿಭಾಗದ ಆಸ್ಪತ್ರೆಗಳಲ್ಲಿ ಕನ್ನಡದ ಸೂಚನಾಪತ್ರವೆಂಬುದು ಭಾಷಾಭಿಮಾನದ ಬೇಡಿಕೆಯಾಗಿ ಉಳಿದಿಲ್ಲ. ಅದು ಚಿಕಿತ್ಸೆಯ ಅಂಗವೇ ಆಗಿದೆ.